ಹುಳಗಳ ಲ್ಯಾಟಿನ್ ಹೆಸರುಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಮಕ್ಕಳನ್ನು ಕರೆದುಕೊಂಡು ಹುಳ ನೋಡಲು ಹೋದಾಗಲೆಲ್ಲ ಒಂದು ಮಾತು ಕೇಳಿಬರುತ್ತದೆ: ‘ಇಷ್ಟು ಚಿಕ್ಕ ಹುಳಕ್ಕೆ ಇಷ್ಟುದ್ದದ ಹೆಸರು ಯಾಕೆ?’ ಆ ಹೆಸರನ್ನು ಬಿಡಿಸಿ ಹೇಳಿದರೆ ಸಾಕು, ಮಕ್ಕಳು ಇನ್ನೊಂದು ಸಲ ಬಗ್ಗಿ ಆ ಹುಳವನ್ನು ನೋಡುತ್ತಾರೆ. ಆ ಎರಡನೇ ನೋಟಕ್ಕಾಗಿಯೇ ಈ ಪುಟ ಬರೆದಿದ್ದೇನೆ. ದೊಡ್ಡವರು ಕೇಳಿದ ಪ್ರಶ್ನೆಗಳೂ ಇದರಲ್ಲಿವೆ.

‘ಇನ್ಸೆಕ್ಟ್’ ಅಂದರೆ ಮೂಲದಲ್ಲಿ ಏನು?

‘ಕತ್ತರಿಸಿದ್ದು’ ಎಂದು ಅರ್ಥ. ಲ್ಯಾಟಿನ್‌ನಲ್ಲಿ ‘ಸೆಕಾರೆ’ ಎಂದರೆ ಕತ್ತರಿಸು. ‘ಇನ್ಸೆಕ್ಟುಮ್’ ಎಂದರೆ ಒಳಕ್ಕೆ ಕಚ್ಚು ಹಾಕಿದ್ದು. ನಾವು ದಿನಾ ಆಡುವ ‘ಸೆಕ್ಷನ್’, ‘ಸೆಕ್ಟರ್’ ಪದಗಳೂ ಇದೇ ಬೇರಿನವು.

ಒಂದು ಕಣಜವನ್ನು ನೋಡಿ. ತಲೆ, ಎದೆ, ಹೊಟ್ಟೆ ಮೂರೂ ಬೇರೆ ಬೇರೆ. ನಡುವೆ ದಾರ ಬಿಗಿದು ಕಟ್ಟಿದ ಹಾಗೆ ಸಣ್ಣ ಸೊಂಟ. ಗ್ರೀಸಿನ ಅರಿಸ್ಟಾಟಲ್ ಇದನ್ನು ಕಂಡೇ ಈ ಜೀವಿಗಳನ್ನು ‘ಎಂಟೊಮ’ ಎಂದು ಕರೆದ. ಅದರ ಅರ್ಥವೂ ಕಚ್ಚು ಹಾಕಿದ್ದು ಎಂದೇ. ಸುಮಾರು ನಾಲ್ಕು ನೂರು ವರ್ಷ ಕಳೆದ ಮೇಲೆ ರೋಮಿನ ಪ್ಲಿನಿ ಆ ಗ್ರೀಕ್ ಪದವನ್ನು ಲ್ಯಾಟಿನ್‌ಗೆ ತಂದ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿ ಸಿಡಿದಾಗ ಸತ್ತ ಪ್ಲಿನಿ ಇವನೇ. ಹೀಗೆ ಹುಳಕ್ಕೆ ಲ್ಯಾಟಿನ್‌ನ ‘ಇನ್ಸೆಕ್ಟ್’ ಉಳಿಯಿತು, ಹುಳಗಳನ್ನು ಓದುವ ವಿದ್ಯೆಗೆ ಗ್ರೀಕಿನ ‘ಎಂಟೊಮಾಲಜಿ’ ಉಳಿಯಿತು. ಎರಡೂ ಹೇಳುವುದು ಒಂದೇ ಮಾತು.

ವಿಜ್ಞಾನದ ಹೆಸರುಗಳೆಲ್ಲ ಲ್ಯಾಟಿನ್ ತಾನೆ?

ಅಲ್ಲ. ಹೆಚ್ಚಿನವರು ಎಡವುವುದು ಇಲ್ಲೇ. ಹೆಸರು ಕಟ್ಟುವ ವ್ಯಾಕರಣ ಲ್ಯಾಟಿನ್‌ದು, ಆದರೆ ಒಳಗಿನ ಪದಗಳಲ್ಲಿ ಗ್ರೀಕ್ ಬಹಳ ಜಾಸ್ತಿ. ದೊಡ್ಡ ಗುಂಪುಗಳ ಹೆಸರುಗಳಂತೂ ಹೆಚ್ಚುಕಡಿಮೆ ಎಲ್ಲ ಗ್ರೀಕೇ. ಗ್ರೀಕಿನಲ್ಲಿ ‘ಪ್ಟೆರಾನ್’ ಎಂದರೆ ರೆಕ್ಕೆ. ಚಿಟ್ಟೆ ಮತ್ತು ಪತಂಗ ಲೆಪಿಡಾಪ್ಟೆರ, ಅಂದರೆ ಹೊಪ್ಪಳೆಯಂಥ ಪುಡಿ ಇರುವ ರೆಕ್ಕೆಯವು. ಚಿಟ್ಟೆ ಹಿಡಿದಾಗ ಬೆರಳಿಗೆ ಅಂಟುತ್ತದಲ್ಲ, ಅದೇ ಪುಡಿ. ದುಂಬಿಗಳು ಕೋಲಿಯಾಪ್ಟೆರ, ಅಂದರೆ ಒರೆಯೊಳಗಿನ ರೆಕ್ಕೆಯವು. ಮೇಲಿನ ಗಟ್ಟಿ ಚಿಪ್ಪು ಕತ್ತಿಯ ಒರೆಯ ಹಾಗೆ, ಹಾರುವ ರೆಕ್ಕೆ ಅದರೊಳಗೆ ಮಡಚಿಕೊಂಡಿರುತ್ತದೆ. ನೊಣ, ಸೊಳ್ಳೆ ಡಿಪ್ಟೆರ, ಎರಡೇ ರೆಕ್ಕೆಯವು.

ಈ ಡಿಪ್ಟೆರದಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಮೂರೂ ಒಂದೇ ಹಳೆಯ ಬಳ್ಳಿಯ ಕುಡಿಗಳು. ಗ್ರೀಕಿನ ‘ಡಿ’ ಮತ್ತು ಸಂಸ್ಕೃತದ ‘ದ್ವಿ’ ಒಂದೇ. ಗ್ರೀಕಿನ ‘ಪ್ಟೆರಾನ್’ ಮತ್ತು ಸಂಸ್ಕೃತದ ‘ಪತ್ರ’ ಒಡಹುಟ್ಟಿದವು. ‘ಪತ್ರ’ಕ್ಕೆ ಎಲೆ ಮಾತ್ರವಲ್ಲ, ರೆಕ್ಕೆ ಎಂಬ ಅರ್ಥವೂ ಇದೆ. ಹಾರು ಎಂಬ ಅರ್ಥದ ಆ ಬೇರಿನಿಂದಲೇ ನಮ್ಮ ‘ಪತಂಗ’ ಕೂಡ ಬಂದಿದೆ. ಕನ್ನಡ ಬೇರೆ ಮನೆತನದ ಭಾಷೆ. ಆದರೆ ಸಂಸ್ಕೃತದಿಂದ ನಾವು ತೆಗೆದುಕೊಂಡ ಪದಗಳ ಮೂಲಕ ಈ ದೂರದ ನೆಂಟಸ್ತಿಕೆ ನಮಗೂ ಸಿಕ್ಕಿದೆ.

ನನಗೆ ಎಲ್ಲಕ್ಕಿಂತ ಇಷ್ಟವಾದ ಜೋಡಿ ಇನ್ನೊಂದು. ಆರು ಕಾಲಿನ ಜೀವಿಗಳ ದೊಡ್ಡ ಗುಂಪಿಗೆ ವಿಜ್ಞಾನದಲ್ಲಿ ‘ಹೆಕ್ಸಾಪೋಡ’ ಎನ್ನುತ್ತಾರೆ. ಗ್ರೀಕಿನ ‘ಹೆಕ್ಸ್’ ಎಂದರೆ ಆರು, ‘ಪೋಡ್’ ಎಂದರೆ ಪಾದ. ಸಂಸ್ಕೃತಕ್ಕೆ ತಿರುಗಿಸಿ ನೋಡಿ: ಷಟ್ಪದ! ಜೇನು, ದುಂಬಿಗೆ ಆ ಹೆಸರು ನಮ್ಮ ಹಳೆಯ ಕಾವ್ಯಗಳಲ್ಲಿ ಮೊದಲಿನಿಂದ ಇದೆ. ಭಾಮಿನಿ ಷಟ್ಪದಿ, ವಾರ್ಧಕ ಷಟ್ಪದಿ ಎಂದು ಶಾಲೆಯಲ್ಲಿ ಪ್ರಸ್ತಾರ ಹಾಕಿದ್ದೀರಲ್ಲ, ಆ ಆರು ಸಾಲಿನ ಪದ್ಯಕ್ಕೂ ಆರು ಕಾಲಿನ ಹುಳಕ್ಕೂ ಹೆಸರು ಒಂದೇ.

ಎರಡು ಪದದ ಹೆಸರು ಯಾರು ಶುರು ಮಾಡಿದ್ದು? ಅದನ್ನು ಓದುವುದು ಹೇಗೆ?

ಪ್ರಾಣಿಗಳ ಮಟ್ಟಿಗೆ ಲೆಕ್ಕ ಶುರುವಾಗುವುದು 1758ರಿಂದ. ಸ್ವೀಡನ್ನಿನ ಕಾರ್ಲ್ ಲಿನೇಯಸ್ ಬರೆದ ‘ಸಿಸ್ಟೆಮಾ ನ್ಯಾಚುರೇ’ಯ ಹತ್ತನೇ ಆವೃತ್ತಿ ಆ ವರ್ಷದ್ದು. ಆಗ ಯೂರೋಪಿನ ಎಷ್ಟೋ ವಿದ್ವಾಂಸರು ಲ್ಯಾಟಿನ್‌ನಲ್ಲೇ ಬರೆಯುತ್ತಿದ್ದರು. ಅದಕ್ಕೆ ಮುಂಚೆ ಒಂದು ಹುಳದ ಹೆಸರು ಅರ್ಧ ಸಾಲು ಉದ್ದ ಇರುತ್ತಿತ್ತು. ಲಿನೇಯಸ್ ಅದನ್ನು ಎರಡು ಪದಕ್ಕೆ ಇಳಿಸಿದ.

ಮೊದಲ ಪದ ಮನೆತನದ ಹೆಸರಿನ ಹಾಗೆ. ಎರಡನೆಯದು ಆ ಹುಳದ ಸ್ವಂತ ಗುರುತು. ಎರಡನೇ ಪದ ಬಣ್ಣ ಹೇಳಬಹುದು, ಊರು ಹೇಳಬಹುದು, ತಿನ್ನುವ ಗಿಡ ಹೇಳಬಹುದು, ಇಲ್ಲವೇ ಯಾರದೋ ನೆನಪಿಗೆ ಇಟ್ಟದ್ದಿರಬಹುದು. ಕೊನೆಯ ಅಕ್ಷರಗಳನ್ನು ಗಮನಿಸಿ. ‘ಎನ್ಸಿಸ್’ ಎಂದು ಮುಗಿದರೆ ಆ ಊರಿನದು ಎಂದರ್ಥ. ನಗರಗಳಲ್ಲಿ ಮಲೇರಿಯಾ ಹರಡುವ ಅನಾಫಿಲಿಸ್ ಸ್ಟೀಫೆನ್ಸಿ ಸೊಳ್ಳೆಯ ಒಂದು ಬಗೆಗೆ 1937ರಲ್ಲಿ ‘ಮೈಸೊರೆನ್ಸಿಸ್’ ಎಂದು ಹೆಸರಿಟ್ಟರು, ಅಂದರೆ ಮೈಸೂರಿನದು. ಅದೇ ಸೊಳ್ಳೆಯ ‘ಸ್ಟೀಫೆನ್ಸಿ’ಯಲ್ಲಿ ಕೊನೆಗಿರುವ ‘ಇ’ ಸ್ವರ ನಮ್ಮ ‘ಅವರ’ ಎಂಬ ಷಷ್ಠಿ ವಿಭಕ್ತಿಯ ಕೆಲಸ ಮಾಡುತ್ತದೆ. ಸ್ಟೀಫನ್ಸ್ ಅವರ ಸೊಳ್ಳೆ ಎಂದ ಹಾಗೆ.

ಲಾರ್ವ, ಪ್ಯೂಪ ಎಂಬ ಹೆಸರು ಎಲ್ಲಿಂದ ಬಂತು?

‘ಲಾರ್ವ’ ಎಂದರೆ ಲ್ಯಾಟಿನ್‌ನಲ್ಲಿ ದೆವ್ವ. ಮುಖವಾಡ ಎಂದೂ ಅರ್ಥವಿತ್ತು. ಚಿಟ್ಟೆಯ ನಿಜರೂಪ ಒಳಗೆ ಅಡಗಿದೆ, ಈಗ ಕಾಣುವುದು ಬರೀ ವೇಷ ಎಂಬ ಭಾವನೆಯಿಂದ ಲಿನೇಯಸ್ ಈ ಪದವನ್ನು ಆರಿಸಿಕೊಂಡ. ನಮ್ಮವರಿಗೆ ಅದೇ ಹುಳ ಕಂಬಳಿ ಹೊದ್ದುಕೊಂಡ ಹಾಗೆ ಕಂಡಿತು, ಕಂಬಳಿ ಹುಳ ಎಂದರು.

‘ಪ್ಯೂಪ’ ಎಂದರೆ ಗೊಂಬೆ, ಪುಟ್ಟ ಹುಡುಗಿ. ಬಟ್ಟೆ ಸುತ್ತಿ ಮಲಗಿಸಿದ ಕೂಸಿನ ಹಾಗೆ ಕೋಶ ಕಾಣುತ್ತದೆ. ಇಂಗ್ಲಿಷಿನ ‘ಪಪೆಟ್’ ಇಲ್ಲಿಂದಲೇ ಬಂದದ್ದು. ಕಣ್ಣಿನ ನಡುವಿನ ಕಪ್ಪು ಭಾಗಕ್ಕೆ ರೋಮನ್ನರು ‘ಪುಪಿಲ್ಲ’ ಎಂದರು, ಪುಟ್ಟ ಗೊಂಬೆ ಎಂದು. ಎದುರಿನವರ ಕಣ್ಣಿನಲ್ಲಿ ನಮ್ಮದೇ ಚಿಕ್ಕ ರೂಪ ಕಾಣುತ್ತದೆ, ಅಲ್ವಾ? ಕನ್ನಡದಲ್ಲೂ ನಾವು ಕಣ್ಣಿನ ‘ಪಾಪೆ’ ಎನ್ನುತ್ತೇವೆ. ಪಾಪೆಗೂ ಗೊಂಬೆ ಎಂಬ ಅರ್ಥ ಇದೆ. ಇದು ಅವರಿಂದ ಇವರು ಕಲಿತದ್ದು ಎಂದು ಹೇಳಬೇಕಾಗಿಲ್ಲ. ಎರಡು ಕಡೆಯ ಜನವೂ ಹತ್ತಿರದವರ ಕಣ್ಣೊಳಗೆ ಇಣುಕಿ ನೋಡಿದ್ದಾರೆ, ಅಷ್ಟೇ.

ರೆಕ್ಕೆ ಬಂದ ದೊಡ್ಡ ಹುಳಕ್ಕೆ ‘ಇಮಾಗೊ’ ಎನ್ನುತ್ತಾರೆ, ಅಂದರೆ ರೂಪ, ಬಿಂಬ. ‘ಇಮೇಜ್’ ಅದರಿಂದಲೇ ಬಂತು. ದೆವ್ವ, ಗೊಂಬೆ, ಕೊನೆಗೆ ನಿಜರೂಪ. ಮೂರು ಪದಗಳಲ್ಲಿ ಇಡೀ ಬದುಕಿನ ಕಥೆ ಇದೆ.

ನಮ್ಮ ಜೇನುಗಳ ಹೆಸರು ಏನು ಹೇಳುತ್ತವೆ?

ಲ್ಯಾಟಿನ್‌ನಲ್ಲಿ ಜೇನುನೊಣಕ್ಕೆ ‘ಏಪಿಸ್’ ಎನ್ನುತ್ತಾರೆ. ತುಡುವೆ ಜೇನು ಏಪಿಸ್ ಸೆರಾನ, ‘ಸೆರ’ ಎಂದರೆ ಮೇಣ. ಕಡ್ಡಿಗೆ ಪುಟ್ಟ ತಟ್ಟಿ ಕಟ್ಟುವ ಕೋಲುಜೇನು ಏಪಿಸ್ ಫ್ಲೋರಿಯ, ಹೂವಿನದು. ಹೆಜ್ಜೇನು ಏಪಿಸ್ ಡಾರ್ಸಾಟ, ‘ಡಾರ್ಸಮ್’ ಎಂದರೆ ಬೆನ್ನು. ಮೂರಕ್ಕೂ ಹೆಸರಿಟ್ಟವನು ಡೆನ್ಮಾರ್ಕಿನ ಫ್ಯಾಬ್ರಿಶಿಯಸ್, ಲಿನೇಯಸ್‌ನ ಶಿಷ್ಯ. ಅವನು ಒಬ್ಬನೇ ಹತ್ತಿರ ಹತ್ತಿರ ಹತ್ತು ಸಾವಿರ ಹುಳಗಳಿಗೆ ಹೆಸರಿಟ್ಟ. ತಮಿಳುನಾಡಿನ ತರಂಗಂಬಾಡಿ ಆಗ ಡೇನರ ಕೈಯಲ್ಲಿತ್ತು. ಅಲ್ಲಿಂದ ಹಡಗಿನಲ್ಲಿ ಹೋದ ಒಣ ಹುಳಗಳು ಅವನ ಮೇಜು ಸೇರುತ್ತಿದ್ದವು. ಅಂದರೆ ಹೆಜ್ಜೇನು ಬಂಡೆಯ ಕೆಳಗೆ ಆಳೆತ್ತರದ ತಟ್ಟಿ ಕಟ್ಟುವುದನ್ನು ಅವನು ಕಂಡವನಲ್ಲ. ಕೈಗೆ ಬಂದದ್ದು ಒಣಗಿದ ಮೈ ಮಾತ್ರ. ನಮ್ಮವರು ಕಾಡಿನಲ್ಲಿ ನೋಡಿ ‘ಹಿರಿದಾದ ಜೇನು’ ಎಂದರು, ಹೆಜ್ಜೇನು. ನನ್ನ ಮಟ್ಟಿಗೆ ಇಲ್ಲಿ ನಮ್ಮ ಹೆಸರೇ ಮೇಲು.

ಪೆಟ್ಟಿಗೆಯಲ್ಲಿ ಸಾಕುವ ಯೂರೋಪಿನ ಜೇನಿನದು ಬೇರೆ ಕಥೆ. 1758ರಲ್ಲಿ ಲಿನೇಯಸ್ ಅದನ್ನು ಏಪಿಸ್ ಮೆಲ್ಲಿಫೆರ ಎಂದ. ‘ಮೆಲ್’ ಎಂದರೆ ಜೇನುತುಪ್ಪ, ‘ಫೆರ’ ಎಂದರೆ ಹೊರುವುದು. ಈ ‘ಫೆರ’ ಮತ್ತು ಸಂಸ್ಕೃತದ ‘ಭರ’, ‘ಭಾರ’ ಒಂದೇ ಬೇರಿನವು. ಆಮೇಲೆ ಅವನಿಗೆ ತಪ್ಪು ಹೊಳೆಯಿತು. ಜೇನು ಹೂವಿನಿಂದ ಹೊರುವುದು ಮಕರಂದವನ್ನು, ತುಪ್ಪವನ್ನಲ್ಲ. ತುಪ್ಪ ಆಗುವುದು ಗೂಡಿನಲ್ಲಿ. 1761ರಲ್ಲಿ ಅವನು ಹೆಸರನ್ನು ‘ಮೆಲ್ಲಿಫಿಕ’ ಎಂದು ತಿದ್ದಿದ, ತುಪ್ಪ ಮಾಡುವುದು ಎಂದು. ಆದರೆ ಮೊದಲು ಇಟ್ಟ ಹೆಸರೇ ನಿಲ್ಲಬೇಕು ಎಂಬುದು ನಿಯಮ. ಹಾಗಾಗಿ ತಿದ್ದುಪಡಿ ಬಿತ್ತು, ತಪ್ಪು ಉಳಿಯಿತು.

ಇರುವೆಗೂ ಆಸ್ಪತ್ರೆಯ ಫಾರ್ಮಲಿನ್‌ಗೂ ಸಂಬಂಧ ಇದೆಯಾ?

ಇದೆ. ‘ಫಾರ್ಮಿಕ’ ಎಂದರೆ ಲ್ಯಾಟಿನ್‌ನಲ್ಲಿ ಇರುವೆ. 1671ರಲ್ಲಿ ಇಂಗ್ಲೆಂಡಿನ ಜಾನ್ ರೇ ಇರುವೆಗಳನ್ನು ಭಟ್ಟಿ ಇಳಿಸಿ ಒಂದು ಹುಳಿಯನ್ನು ಬೇರ್ಪಡಿಸಿದರು. ಅದೇ ಫಾರ್ಮಿಕ್ ಆಮ್ಲ. ಅದರ ಹೆಸರಿನಿಂದ ಫಾರ್ಮಾಲ್ಡಿಹೈಡ್, ಅದರಿಂದ ಫಾರ್ಮಲಿನ್. ಕಾಲೇಜಿನ ಗಾಜಿನ ಬಾಟಲಿಯಲ್ಲಿ ಕಪ್ಪೆ ತೇಲುವ ನೀರಿನ ಹೆಸರಿನಲ್ಲಿ ಇರುವೆ ಇದೆ.

ಮಲೆನಾಡಿನವರಿಗೆ ಆ ಹುಳಿಯ ರುಚಿ ಚೆನ್ನಾಗಿ ಗೊತ್ತು. ಚಗಳಿ ಇರುವೆಯ ಚಟ್ನಿಯ ಹುಳಿ ಅದೇ. ಎಲೆಗಳನ್ನು ಹೊಲಿದು ಗೂಡು ಮಾಡುವ ಈ ಇರುವೆಯ ಹೆಸರು ಈಕೊಫಿಲ್ಲ ಸ್ಮರಾಗ್ಡಿನ. ಮೊದಲ ಪದ ಗ್ರೀಕ್, ಮನೆ ಮತ್ತು ಎಲೆ ಸೇರಿದ್ದು. ಎಲೆಮನೆ ಎನ್ನಬಹುದು. ಎರಡನೆಯದಕ್ಕೆ ಪಚ್ಚೆ ಬಣ್ಣದ್ದು ಎಂದರ್ಥ. ನಮ್ಮ ಚಗಳಿ ಕೆಂಪಲ್ವಾ ಎಂದು ಕೇಳುತ್ತಾರೆ. ಕೆಲಸದ ಇರುವೆ ಕೆಂಪು ನಿಜ, ಹಸಿರು ಮೈಯವಳು ರಾಣಿ. ಆಸ್ಟ್ರೇಲಿಯಾದ ಕಡೆ ಕೆಲಸದ ಇರುವೆಗಳ ಹೊಟ್ಟೆಯೂ ಹಸಿರು.

ಅಡುಗೆಮನೆ ಮೇಜಿನ ಮೇಲೆ ಅಂಟಿಸುವ ‘ಫಾರ್ಮೈಕಾ’ಕ್ಕೂ ಇರುವೆಗೂ ಸಂಬಂಧ ಇಲ್ಲ. ಅದು ಮೈಕಾದ, ಅಂದರೆ ಅಭ್ರಕದ, ಬದಲಿಗೆ ಬಳಸಲು ಮಾಡಿದ್ದು. ‘ಫಾರ್ ಮೈಕಾ’ ಎಂಬುದೇ ಆ ಹೆಸರಾಯಿತು.

ಸೊಳ್ಳೆಗಳ ಹೆಸರಿನಲ್ಲಿ ಏನಿದೆ?

ಬರೀ ಬೈಗುಳ. ‘ಅನಾಫಿಲಿಸ್’ ಎಂದರೆ ಗ್ರೀಕಿನಲ್ಲಿ ಉಪಯೋಗಕ್ಕೆ ಬಾರದ್ದು. ಡೆಂಗಿ ಹರಡುವ ‘ಏಡಿಸ್’ ಎಂದರೆ ಹಿತವಲ್ಲದ್ದು. ಲ್ಯಾಟಿನ್‌ನಲ್ಲಿ ‘ಏಡೀಸ್’ ಎಂದರೆ ಮನೆ. ಈ ಸೊಳ್ಳೆ ಮನೆಯೊಳಗೇ ಇರುವುದರಿಂದ ಎಷ್ಟೋ ಜನ ಅದೇ ಮೂಲ ಎಂದುಕೊಳ್ಳುತ್ತಾರೆ. ಅದು ತಪ್ಪು, ಈ ಹೆಸರು ಗ್ರೀಕಿನದು. ಎರಡೂ ಹೆಸರು ಇಟ್ಟವರು ಜರ್ಮನಿಯ ಮೈಗೆನ್, 1818ರಲ್ಲಿ. ಸೊಳ್ಳೆ ಕಾಯಿಲೆ ತರುತ್ತದೆ ಎಂದು ಆಗ ಯಾರಿಗೂ ಗೊತ್ತಿರಲಿಲ್ಲ. ‘ಕ್ಯೂಲೆಕ್ಸ್’ ಮಾತ್ರ ಅಪ್ಪಟ ಲ್ಯಾಟಿನ್. ರೋಮನ್ನರು ಸೊಳ್ಳೆ, ನುಸಿಗೆ ಹಾಗೆ ಕರೆಯುತ್ತಿದ್ದರು. ‘ಮಸ್ಕಿಟೊ’ ಸ್ಪ್ಯಾನಿಷ್ ಪದ. ಲ್ಯಾಟಿನ್‌ನ ‘ಮಸ್ಕ’, ಅಂದರೆ ನೊಣ, ಅಲ್ಲಿ ‘ಮೋಸ್ಕ’ ಆಗಿ, ‘ಮಸ್ಕಿಟೊ’ ಪುಟ್ಟ ನೊಣವಾಯಿತು.

‘ಮಲೇರಿಯಾ’ ಇಟಲಿಯದು: ಮಾಲ ಆರಿಯ, ಕೆಟ್ಟ ಗಾಳಿ. ಜೌಗಿನ ಕೆಟ್ಟ ಗಾಳಿಯಿಂದ ಜ್ವರ ಬರುತ್ತದೆ ಎಂದು ನಂಬಿದ್ದರು. ಆ ನಂಬಿಕೆಯನ್ನು ಮುರಿದವರು ರೊನಾಲ್ಡ್ ರಾಸ್. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾದ ರೋಗಾಣುವನ್ನು ಕಂಡರು. 1902ರಲ್ಲಿ ನೊಬೆಲ್ ಬಂತು. ಅದಕ್ಕೆ ಮುಂಚೆ, 1883ರ ಹೊತ್ತಿಗೆ, ಅವರು ಬೆಂಗಳೂರಿನ ದಂಡಿನಲ್ಲಿ ವೈದ್ಯರಾಗಿದ್ದರು. ತಮ್ಮ ಬಂಗಲೆಯ ಬಳಿಯ ನೀರಿನ ತೊಟ್ಟಿ ಬರಿದು ಮಾಡಿದರೆ ಸೊಳ್ಳೆ ಕಡಿಮೆಯಾಗುವುದನ್ನು ಗಮನಿಸಿದ್ದು ಅಲ್ಲೇ. ಇಂದಿಗೂ ಆಶಾ ಕಾರ್ಯಕರ್ತೆಯರು ಮನೆಮನೆಗೆ ಬಂದು ಹೇಳುವುದು ಅದೇ ಮಾತು: ನೀರು ನಿಲ್ಲಲು ಬಿಡಬೇಡಿ.

ಚಿಟ್ಟೆಗಳಿಗೆ ಗ್ರೀಕ್ ವೀರರ ಹೆಸರು ಯಾಕೆ?

‘ಪ್ಯಾಪಿಲಿಯೊ’ ಎಂದರೆ ಲ್ಯಾಟಿನ್‌ನಲ್ಲಿ ಚಿಟ್ಟೆ. ಲಿನೇಯಸ್ ಚಿಟ್ಟೆಗಳನ್ನೆಲ್ಲ ಆ ಒಂದೇ ಹೆಸರಿನ ಕೆಳಗೆ ತಂದ. ಎರಡನೇ ಪದಕ್ಕೆ ನೂರಾರು ಹೆಸರು ಬೇಕಾಯಿತು. ಟ್ರಾಯ್ ಯುದ್ಧದ ಕಥೆಗೆ ಕೈಹಾಕಿದ. ದೊಡ್ಡ ಬಾಲದ ಚಿಟ್ಟೆಗಳನ್ನು ಟ್ರಾಯ್ ಕಡೆಯವರು, ಗ್ರೀಕರ ಕಡೆಯವರು ಎಂದು ಎರಡು ಪಡೆ ಮಾಡಿದ. ನಮ್ಮಲ್ಲಿ ಯಾರಾದರೂ ಪಾಂಡವರು, ಕೌರವರು ಎಂದು ಹಂಚಿದ ಹಾಗೆ.

ಈ ಹೆಸರುಗಳನ್ನು ಹಿಡಿದು ನಮ್ಮ ಕರಿಬೇವಿನ ಗಿಡದ ಹತ್ತಿರ ಬನ್ನಿ. ನಮ್ಮ ಮನೆಯ ಕುಂಡದ ಗಿಡದಲ್ಲಿ ಪ್ರತಿ ಮಳೆಗಾಲಕ್ಕೂ ಹಕ್ಕಿ ಹಿಕ್ಕೆಯ ಹಾಗೆ ಕಾಣುವ ಮರಿಹುಳುಗಳು ಬರುತ್ತವೆ. ಎಲೆಯೆಲ್ಲ ಖಾಲಿ ಮಾಡುತ್ತವೆ. ನಾನು ಓಡಿಸುವುದಿಲ್ಲ, ಒಗ್ಗರಣೆಗೆ ಬೇರೆ ಕಡೆಯಿಂದ ತರುತ್ತೇನೆ. ಅವು ಬೆಳೆದರೆ ಪ್ಯಾಪಿಲಿಯೊ ಪಾಲಿಟಿಸ್ ಎಂಬ ಕಪ್ಪು ಚಿಟ್ಟೆ ಆಗುತ್ತವೆ. ಪಾಲಿಟಿಸ್ ಟ್ರಾಯ್ ರಾಜ ಪ್ರಿಯಾಮನ ಮಗ. ಅವನ ಅಣ್ಣ ಮಹಾವೀರ ಹೆಕ್ಟರ್. ಹೆಕ್ಟರನ ಹೆಸರಿನ ಚಿಟ್ಟೆಯೂ ನಮ್ಮಲ್ಲಿದೆ. ಕೆಂಪು ಮೈ, ಕಪ್ಪು ರೆಕ್ಕೆ, ಕೆಂಪು ಚುಕ್ಕೆ. ಅದರ ಮೈಯಲ್ಲಿ ವಿಷ ಇರುವುದರಿಂದ ಹಕ್ಕಿಗಳು ಮುಟ್ಟುವುದಿಲ್ಲ. ಪಾಲಿಟಿಸ್ ಚಿಟ್ಟೆಗೆ ವಿಷ ಇಲ್ಲ. ಆದರೆ ಅದರ ಹೆಣ್ಣುಗಳಲ್ಲಿ ಒಂದು ಬಗೆ ಥೇಟ್ ಹೆಕ್ಟರನ ವೇಷ ಹಾಕುತ್ತದೆ! ಹಕ್ಕಿ ಮೋಸಹೋಗುತ್ತದೆ. ತಮ್ಮನ ಮನೆಯವಳು ಅಣ್ಣನ ಕವಚ ತೊಟ್ಟು ಬದುಕಿಕೊಂಡ ಹಾಗೆ. ಹೆಸರಿಟ್ಟಾಗ ಲಿನೇಯಸ್‌ಗೆ ಈ ವೇಷದ ವಿಷಯ ತಿಳಿದಿರಲಿಲ್ಲ. ವೇಷ ಹಾಕುವ ಜೀವಿಗಳ ಬಗ್ಗೆ ವಿಜ್ಞಾನ ಮಾತಾಡಲು ಶುರುಮಾಡಿದ್ದು ನೂರು ವರ್ಷದ ನಂತರ.

ಕರ್ನಾಟಕದ ರಾಜ್ಯ ಚಿಟ್ಟೆಯ ಹೆಸರು ಟ್ರಾಯ್ಡಿಸ್ ಮಿನೋಸ್. ಮೊದಲ ಪದದಲ್ಲಿ ಮತ್ತೆ ಟ್ರಾಯ್ ಇದೆ, ಎರಡನೆಯದು ಕ್ರೀಟ್ ದ್ವೀಪದ ರಾಜನ ಹೆಸರು. ಪಶ್ಚಿಮ ಘಟ್ಟದ ದಾರಿಯಲ್ಲಿ ಕಪ್ಪು ಹಳದಿ ರೆಕ್ಕೆ ಬಿಚ್ಚಿ ಅದು ತಲೆಯ ಮೇಲೆ ಹಾದುಹೋದರೆ ಯಾರಾದರೂ ಮಾತು ನಿಲ್ಲಿಸಿ ನೋಡುತ್ತಾರೆ.

ಗುಲಗಂಜಿ ಹುಳಕ್ಕೆ ಲ್ಯಾಟಿನ್‌ನಲ್ಲಿ ಏನಂತಾರೆ?

‘ಕಾಕ್ಸಿನೆಲ್ಲ’. ಕಡುಕೆಂಪು ಬಣ್ಣದ ಪುಟ್ಟದು ಎಂದರ್ಥ. ಇದರ ಹಿಂದಿನ ಪದ ಗ್ರೀಕಿನ ‘ಕಾಕ್ಕೊಸ್’, ಅಂದರೆ ಬೀಜ, ಕಾಳು. ಓಕ್ ಮರಕ್ಕೆ ಅಂಟಿಕೊಂಡಿರುವ ಒಂದು ಹುಳದಿಂದ ಕೆಂಪು ಬಣ್ಣ ತೆಗೆಯುತ್ತಿದ್ದರು. ನೋಡಲು ಕಾಳಿನ ಹಾಗಿದ್ದ ಅದನ್ನು ಬೀಜ ಎಂದೇ ನಂಬಿದ್ದರು. ಹೀಗೆ ಬೀಜದ ಹೆಸರು ಬಣ್ಣಕ್ಕೆ, ಬಣ್ಣದ ಹೆಸರು ಈ ಹುಳಕ್ಕೆ ಬಂತು. ನಾವು ಯಾವ ಸುತ್ತೂ ಇಲ್ಲದೆ ಸೀದಾ ಕೆಂಪು ಬೀಜದ ಹೆಸರನ್ನೇ ಇಟ್ಟೆವು, ಗುಲಗಂಜಿ.

ಚುಕ್ಕೆ ಎಣಿಸಿ ಇಟ್ಟ ಹೆಸರುಗಳೂ ಇವೆ. ಏಳು ಚುಕ್ಕೆಯದು ‘ಸೆಪ್ಟೆಮ್‌ಪಂಕ್ಟಾಟ’. ಸೆಪ್ಟೆಮ್ ಮತ್ತು ಸಪ್ತ ನೆಂಟರು. ಬದನೆ ಎಲೆಯನ್ನು ಜರಡಿ ಮಾಡುವ ದುಂಬಿಯ ಹೆಸರು ‘ವಿಗಿಂಟಿಆಕ್ಟೊಪಂಕ್ಟಾಟ’. ವಿಗಿಂಟಿ ಎಂದರೆ ವಿಂಶತಿ, ಆಕ್ಟೊ ಎಂದರೆ ಅಷ್ಟ, ಒಟ್ಟು 28 ಚುಕ್ಕೆ. ಮಕ್ಕಳಿಗೆ ಈ ಹೆಸರು ಹೇಳಿ ಎಣಿಸಲು ಬಿಡಿ.

ಹೊಲ, ತೋಟದ ಕೀಟಗಳ ಹೆಸರು?

ಒಂದು ಹೆಸರು ಕೇಳಿದರೆ ಈಗಲೂ ಎದೆ ಝಲ್ ಎನ್ನುತ್ತದೆ: ಸ್ಪೊಡಾಪ್ಟೆರ ಫ್ರೂಜಿಪರ್ಡ. ‘ಫ್ರೂಜಿ’ ಎಂದರೆ ಬೆಳೆ, ಫಸಲು. ‘ಪರ್ಡ’ ಎಂದರೆ ಹಾಳು ಮಾಡುವುದು. ಬೆಳೆಗೇಡಿ ಎನ್ನಬಹುದು. ಅಮೆರಿಕದ ಕಡೆಯ ಈ ಹುಳಕ್ಕೆ 1797ರಲ್ಲೇ ಆ ಹೆಸರು ಬಿತ್ತು. ಭಾರತದಲ್ಲಿ ಅದು ಮೊದಲು ಸಿಕ್ಕಿದ್ದು 2018ರ ಮೇ ತಿಂಗಳಲ್ಲಿ, ಶಿವಮೊಗ್ಗದ ಮೆಕ್ಕೆಜೋಳದಲ್ಲಿ. ನಮ್ಮ ರೈತರು ಫಾಲ್ ಸೈನಿಕ ಹುಳು ಎನ್ನುವುದು ಇದನ್ನೇ. ಸುಳಿಯೊಳಗೆ ಕೂತು ತಿಂದು ಹಿಕ್ಕೆ ತುಂಬಿಸುವ ಅದನ್ನು ಕಂಡವರಿಗೆ ಆ ಹೆಸರು ಜಾಸ್ತಿ ಆಯಿತು ಅನ್ನಿಸುವುದಿಲ್ಲ.

ತೊಗರಿಯ ಕಾಯಿ ಕೊರಕದ ಹೆಸರಿನಲ್ಲಿ ‘ಆರ್ಮಿಜೆರ’ ಇದೆ, ಆಯುಧ ಹೊತ್ತದ್ದು ಎಂದು. ತೆಂಗಿನ ಕೆಂಪು ಮೂತಿ ಹುಳು ‘ಫೆರುಜಿನಿಯಸ್’, ತುಕ್ಕಿನ ಬಣ್ಣದ್ದು. ಗೆದ್ದಲಿಗೆ ‘ಟರ್ಮೈಟ್’ ಎನ್ನುವುದು ಲ್ಯಾಟಿನ್‌ನ ‘ಟರ್ಮೆಸ್’ನಿಂದ, ಮರ ಕೊರೆಯುವ ಹುಳ ಎಂದು. ಹೊಲದಲ್ಲಿ ಎತ್ತರದ ಹುತ್ತ ಕಟ್ಟುವ ಗೆದ್ದಲಿಗೆ ‘ಒಬೀಸಸ್’ ಎಂಬ ಪದ ಸೇರಿದೆ, ದಪ್ಪ ಎಂದು.

ಕಾಫಿ ತೋಟದವರು ಒಂದು ಪ್ರಶ್ನೆ ಕೇಳುತ್ತಾರೆ. ಕಾಯಿ ಕೊರಕದ ಹೆಸರು ಹೈಪೊಥೆನಿಮಸ್ ‘ಹಾಂಪೈ’. ಅದು ನಮ್ಮ ಹಂಪಿಯಾ? ಅಲ್ಲ. ಹಾಂಪೆ ಎಂಬ ಯೂರೋಪಿನವರೊಬ್ಬರ ಹೆಸರಿಗೆ ಲ್ಯಾಟಿನ್‌ನ ಷಷ್ಠಿ ಸೇರಿಸಿದ್ದು. ಹಂಪಿಯದಾಗಿದ್ದರೆ ಕೊನೆಗೆ ‘ಎನ್ಸಿಸ್’ ಬರಬೇಕಿತ್ತು.

ರೇಷ್ಮೆ ಹುಳು?

ಬಾಂಬಿಕ್ಸ್ ಮೋರಿ. ‘ಬಾಂಬಿಕ್ಸ್’ ಗ್ರೀಕಿನಿಂದ ಲ್ಯಾಟಿನ್‌ಗೆ ಬಂದ ಪದ, ರೇಷ್ಮೆ ಹುಳು ಎಂದೇ ಅರ್ಥ. ‘ಮೋರಸ್’ ಎಂದರೆ ಹಿಪ್ಪುನೇರಳೆ, ‘ಮೋರಿ’ ಎಂದರೆ ಹಿಪ್ಪುನೇರಳೆಯ. ‘ಸೆರಿಕಲ್ಚರ್’ನಲ್ಲಿರುವ ‘ಸೆರಿ’ ಬೇರೆ ಕಡೆಯದು. ರೇಷ್ಮೆ ಬರುತ್ತಿದ್ದ ದೂರದ ಪೂರ್ವದ ಜನರನ್ನು ಗ್ರೀಕರು, ರೋಮನ್ನರು ‘ಸೆರೆಸ್’ ಎನ್ನುತ್ತಿದ್ದರು. ಅವರ ಬಟ್ಟೆ ‘ಸೆರಿಕುಮ್’.

ಆದರೆ ಈ ಹುಳುವಿನ ವಿಷಯದಲ್ಲಿ ನಮ್ಮ ಬೆಳೆಗಾರರ ಮಾತಿಗೆ ಯಾವ ಲ್ಯಾಟಿನ್ನೂ ಸಾಟಿಯಿಲ್ಲ. ಹುಳು ಪೊರೆ ಬಿಡುವ ಮುಂಚೆ ಮೇವು ಬಿಟ್ಟು ತಲೆ ಎತ್ತಿ ಸುಮ್ನೆ ನಿಲ್ಲುತ್ತದೆ. ಅದಕ್ಕೆ ‘ಜ್ವರಕ್ಕೆ ಕೂತಿದೆ’ ಎನ್ನುತ್ತಾರೆ. ಒಂದನೇ ಜ್ವರ, ಎರಡನೇ ಜ್ವರ, ಹೀಗೆ ನಾಲ್ಕು. ಹುಳುವನ್ನು ಮನೆಯ ಮಗುವಿನ ಹಾಗೆ ನೋಡಿಕೊಂಡವರ ಬಾಯಲ್ಲಿ ಮಾತ್ರ ಇಂಥ ಮಾತು ಹುಟ್ಟುತ್ತದೆ.

ಜರಿಗೆ ನಿಜಕ್ಕೂ ನೂರು ಕಾಲು ಇವೆಯಾ?

ಇಲ್ಲ. ‘ಸೆಂಟಿಪೀಡ್’ ಎಂದರೆ ನೂರು ಕಾಲು. ಸೆಂಟುಮ್, ಶತಮ್ ಒಂದೇ ಬೇರಿನವು. ಪೆಡ್, ಪದ ಕೂಡ. ಹಾಗಾಗಿ ಶತಪದಿ ಮತ್ತು ಸೆಂಟಿಪೀಡ್ ಒಂದೇ ಪದ ಎನ್ನಬಹುದು. ಆದರೆ ಬೆಳೆದ ಜರಿಯ ಕಾಲುಜೋಡಿ ಯಾವಾಗಲೂ ಬೆಸ ಸಂಖ್ಯೆಯಲ್ಲಿರುತ್ತದೆ: 15, 21, 23 ಹೀಗೆ. ನೂರು ಕಾಲು ಆಗಬೇಕಾದರೆ 50 ಜೋಡಿ ಬೇಕು, ಅದು ಸಮ. ಸಾವಿರ ಕಾಲಿನ ‘ಮಿಲಿಪೀಡ್’ ಕೂಡ ಬಹುಕಾಲ ಬರೀ ಹೆಸರಿಗೆ ಸಾವಿರ ಆಗಿತ್ತು. 2021ರಲ್ಲಿ ಆಸ್ಟ್ರೇಲಿಯಾದ ನೆಲದಾಳದಿಂದ ಬಂದ ಒಂದಕ್ಕೆ 1,306 ಕಾಲುಗಳಿದ್ದವು. ಅದಕ್ಕೆ ‘ಯೂಮಿಲಿಪೆಸ್’ ಎಂದು ಹೆಸರಿಟ್ಟರು, ನಿಜವಾದ ಸಾವಿರ ಕಾಲು. ಅಂದ ಹಾಗೆ, ಇವೆರಡೂ ಕೀಟಗಳಲ್ಲ. ಕೀಟಕ್ಕೆ ಕಾಲು ಆರೇ.

ಹೆಸರು ತಪ್ಪಾಗಿದ್ದರೆ ಬದಲಾಯಿಸುವುದಿಲ್ಲವಾ?

ಅರ್ಥ ತಪ್ಪು ಎಂದು ಬದಲಾಯಿಸುವುದಿಲ್ಲ. ಮನೆಯ ದೊಡ್ಡ ಜಿರಳೆ ಪೆರಿಪ್ಲಾನೆಟ ‘ಅಮೆರಿಕಾನ’. ಅದರ ಮೂಲ ನಾಡು ಆಫ್ರಿಕಾ. ಹೆಸರು ಹಾಗೇ ಇದೆ. ಹುಳ ಬೇರೆ ಮನೆತನಕ್ಕೆ ಸೇರಿದ್ದು ಎಂದು ಗೊತ್ತಾದಾಗ ಮೊದಲ ಪದ ಬದಲಾಗುತ್ತದೆ, ಅಷ್ಟೇ.

ದಿನಬಳಕೆಯ ಮಾತಿನಲ್ಲಿ ಅಡಗಿರುವ ಹುಳಗಳು ಯಾವುವು?

ಎಷ್ಟೊಂದು ಇವೆ! ಕ್ರಿಕೆಟ್ ಮೈದಾನದ ‘ಪೆವಿಲಿಯನ್’ನಲ್ಲಿ ಚಿಟ್ಟೆ ಇದೆ. ರೋಮನ್ನರಿಗೆ ಬಿಚ್ಚಿ ಹರಡಿದ ಡೇರೆ ರೆಕ್ಕೆ ತೆರೆದ ಚಿಟ್ಟೆಯ ಹಾಗೆ ಕಂಡು, ಅದಕ್ಕೂ ‘ಪ್ಯಾಪಿಲಿಯೊ’ ಎಂದರು. ಅದೇ ಫ್ರೆಂಚ್ ದಾರಿ ಹಿಡಿದು ಪೆವಿಲಿಯನ್ ಆಯಿತು. 1946ರಲ್ಲಿ ಇಟಲಿಯಲ್ಲಿ ಹುಟ್ಟಿದ ವೆಸ್ಪಾ ಸ್ಕೂಟರಿನ ಹೆಸರಿಗೆ ಕಣಜ ಎಂದರ್ಥ. ಸಣ್ಣ ಸೊಂಟ, ದಪ್ಪ ಹಿಂಭಾಗ, ಗುಂಯ್ ಎನ್ನುವ ಸದ್ದು, ಮೂರೂ ಹೊಂದುತ್ತವೆ.

‘ಕ್ಯಾನಪಿ’ಯಲ್ಲಿ ಸೊಳ್ಳೆ ಇದೆ. ಗ್ರೀಕಿನಲ್ಲಿ ಸೊಳ್ಳೆಗೆ ‘ಕೊನೊಪ್ಸ್’, ಸೊಳ್ಳೆ ಪರದೆಯ ಮಂಚಕ್ಕೆ ‘ಕೊನೊಪಿಯಾನ್’. ಲ್ಯಾಟಿನ್ ದಾಟಿ ಬರುವಷ್ಟರಲ್ಲಿ ಪರದೆ ಮಾತ್ರ ಉಳಿಯಿತು. ಉತ್ತರ ಕನ್ನಡದ ಕುವೇಶಿಯಲ್ಲಿ ಮರಗಳ ನೆತ್ತಿಯ ಮೇಲೆ ಕ್ಯಾನಪಿ ವಾಕ್ ಮಾಡುವಾಗ ಇದನ್ನು ನೆನಪಿಸಿಕೊಳ್ಳಿ.

‘ಆಂಟೆನಾ’ದ ಹಾದಿ ತಿರುಗುಮುರುಗು. ಲ್ಯಾಟಿನ್‌ನಲ್ಲಿ ಅದು ಹಡಗಿನ ಹಾಯಿ ಕಟ್ಟುವ ಅಡ್ಡ ಕೋಲು. ಅರಿಸ್ಟಾಟಲನ ಬರಹವನ್ನು 15ನೇ ಶತಮಾನದಲ್ಲಿ ಲ್ಯಾಟಿನ್‌ಗೆ ತಂದ ಥಿಯೊಡೋರ್ ಗಾಜ ಹುಳದ ಮೀಸೆಗೆ ಆ ಪದ ಬಳಸಿದ. ಹಡಗಿನಿಂದ ಹುಳಕ್ಕೆ, ಹುಳದಿಂದ ರೇಡಿಯೊಗೆ, ಅಲ್ಲಿಂದ ನಮ್ಮ ಹೆಂಚಿನ ಮೇಲಿದ್ದ ದೂರದರ್ಶನದ ಕಂಬಿಗೆ.

ಇನ್ನೊಂದು, ಊಟಕ್ಕೆ ಕೂತಾಗ ಹೇಳಬೇಡಿ. ಶಾವಿಗೆಗೆ ‘ವರ್ಮಿಸೆಲ್ಲಿ’ ಎನ್ನುತ್ತಾರಲ್ಲ, ಅದಕ್ಕೆ ಪುಟ್ಟ ಹುಳುಗಳು ಎಂದರ್ಥ. ‘ವರ್ಮಿಸ್’ ಎಂದರೆ ಹುಳು. ಎರೆಗೊಬ್ಬರದ ‘ವರ್ಮಿಕಾಂಪೋಸ್ಟ್’ನಲ್ಲಿರುವುದೂ ಅದೇ.

ನಮ್ಮ ಕಡೆಯಿಂದ ಲ್ಯಾಟಿನ್‌ಗೆ ಹೋದ ಪದ ಇದೆಯಾ?

ಇದೆ, ಮತ್ತು ಅದು ಹುಳದ್ದೇ. ಮರದ ಕೊಂಬೆಗೆ ಸಾವಿರಗಟ್ಟಲೆ ಮುತ್ತಿಕೊಂಡು ತಮ್ಮ ಮೇಲೆ ಅಂಟಿನ ಹೊದಿಕೆ ಹಾಕಿಕೊಳ್ಳುವ ಪುಟ್ಟ ಹುಳಗಳಿವೆ. ಆ ಅಂಟೇ ಅರಗು. ಸಂಸ್ಕೃತದಲ್ಲಿ ಲಾಕ್ಷಾ. ಪಾಂಡವರನ್ನು ಸುಡಲು ಕಟ್ಟಿದ ಅರಗಿನ ಮನೆ ಇದರದ್ದೇ. ಆ ಪದ ಪ್ರಾಕೃತದಲ್ಲಿ ‘ಲಕ್ಖಾ’ ಆಗಿ, ಪರ್ಷಿಯನ್, ಅರಬ್ಬಿ ವ್ಯಾಪಾರಿಗಳ ಬಾಯಿ ದಾಟಿ, ಮಧ್ಯಯುಗದ ಲ್ಯಾಟಿನ್‌ನಲ್ಲಿ ‘ಲಾಕ್ಕ’ ಆಯಿತು. ಮುಂದೆ ‘ಲ್ಯಾಕರ್’, ‘ಶೆಲ್ಲ್ಯಾಕ್’ ಎಲ್ಲ ಹುಟ್ಟಿದವು. ಹಳೆಯ ಗ್ರಾಮಫೋನ್ ತಟ್ಟೆಗಳನ್ನು ಮಾಡುತ್ತಿದ್ದದ್ದು ಈ ಶೆಲ್ಲ್ಯಾಕ್‌ನಿಂದಲೇ. ಹುಳಕ್ಕೆ ವಿಜ್ಞಾನ ಕೊಟ್ಟ ಹೆಸರು ಕೆರಿಯ ಲಾಕ್ಕ. ಮೊದಲ ಪದ 1782ರಲ್ಲಿ ಅದನ್ನು ವಿವರಿಸಿದ ಜೇಮ್ಸ್ ಕೆರ್ ನೆನಪಿಗೆ, ಎರಡನೆಯದು ಇಲ್ಲಿಂದ ಹೋಗಿ ಲ್ಯಾಟಿನ್ ವೇಷದಲ್ಲಿ ಮರಳಿ ಬಂದ ನಮ್ಮ ಲಾಕ್ಷಾ.

ಇದನ್ನು ಕಣ್ಣಾರೆ ನೋಡಬೇಕೆಂದರೆ ಚನ್ನಪಟ್ಟಣಕ್ಕೆ ಹೋಗಿ. ತಿರುಗುವ ಯಂತ್ರದಲ್ಲಿ ಆಲೆ ಮರದ ತುಂಡು ಸುತ್ತುತ್ತಿರುತ್ತದೆ. ಕುಶಲಕರ್ಮಿ ಬಣ್ಣದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಆಮೇಲೆ ತಾಳೆಗರಿ ಹಿಡಿದು ತೀಡಿದರೆ, ನೋಡನೋಡುತ್ತಲೇ ಗೊಂಬೆಯ ಕೆನ್ನೆ ಹೊಳೆಯುತ್ತದೆ.